ಹಿಪ್ಪರಗೆಯ ಸಂನ್ಯಾಸಿ ಮಾಸ್ತರರು : ಸ್ವಾಮಿ ರಾಮಾನಂದ ತೀರ್ಥರು

ಯುರೋಪಖಂಡದ ಇತಿಹಾಸವನ್ನು ಬಲ್ಲವರಿಗೆ ಬೆನೆಡಿಕ್ಟನ ಪಂಥದ ಸಂನ್ಯಾಸಿಗಳ ವಿಷಯ ಹೊಸದಲ್ಲ. ಆರನೆಯ ಶತಮಾನದಲ್ಲಿ ಇಟಲಿಯ ಸಂತ ಬೆನೆಡಿಕ್ಟನು ತನ್ನ ಮಠವಾಸಿಗಳಿಗಾಗಿ ಒಂದು ನಿಯಮಾವಳಿಯನ್ನು ಬರೆದನು. ಪ್ರಾರ್ಥನೆಗೆ ಇಷ್ಟು ಹೊತ್ತು, ಕೈಗೆಲಸಕ್ಕೆ ಇಷ್ಟು ಹೊತ್ತು, ಓದಿಗೆ ಇಷ್ಟು ಹೊತ್ತು ಎಂದು ದಿನವನ್ನು ಹಂಚಿಕೊಟ್ಟ ನಿಯಮಾವಳಿಯದು. ಅದನ್ನು ಅನುಸರಿಸಿದ ಮಠಗಳಲ್ಲಿ ಪಾಠಶಾಲೆಗಳು ಬೆಳೆದವು, ಗ್ರಂಥಗಳ ಪ್ರತಿಗಳಾದವು, ಇತಿಹಾಸವೂ ಬರೆಯಲ್ಪಟ್ಟಿತು. ಈ ಪಂಥದವರು ತಮ್ಮವನೆಂದು ಗೌರವಿಸುವ ಬೀಡ್ ಎಂಬ ಆಂಗ್ಲ ಸಂನ್ಯಾಸಿಯು ಏಳನೆಯ ವಯಸ್ಸಿನಲ್ಲಿ ಮಠವನ್ನು ಸೇರಿ, ಇಂಗ್ಲಂಡದ ಉತ್ತರ ಭಾಗದ ಜಾರೋ ಮಠದಲ್ಲಿ ಹುಡುಗರಿಗೆ ಪಾಠ ಹೇಳುತ್ತಲೇ ಬಾಳಿ, ಕ್ರಿ.ಶ. 731ರಲ್ಲಿ ತನ್ನ ಜನರ ಧಾರ್ಮಿಕ ಇತಿಹಾಸವನ್ನು ಬರೆದು ಮುಗಿಸಿದನು. ನಾಲ್ಕು ವರ್ಷಗಳ ತರುವಾಯ, 735ರಲ್ಲಿ, ತೀರಿಕೊಂಡನು. ಆತನ ಗ್ರಂಥದಲ್ಲಿ ಶಿಕ್ಷಕರಾದ ನಾವು ಮುಖ್ಯವಾಗಿ ಗಮನಿಸಬೇಕಾದುದು ಅದರ ಮುನ್ನುಡಿ. ಯಾವ ಸಂಗತಿಯನ್ನು ಯಾರಿಂದ ಕೇಳಿದೆನು, ರೋಮಿನ ದಫ್ತರದಲ್ಲಿದ್ದ ಪತ್ರಗಳನ್ನು ಯಾರು ನಕಲು ಮಾಡಿ ತಂದುಕೊಟ್ಟರು ಎಂಬುದನ್ನು ಅವನು ಅಲ್ಲಿ ಹೆಸರು ಹೇಳಿ ತಿಳಿಸಿದ್ದಾನೆ. ಸಾವಿರದ ಇನ್ನೂರು ವರ್ಷಗಳ ಹಿಂದಿನ ಮಾತಿದು!

ಸಂನ್ಯಾಸ, ಶಿಕ್ಷಕವೃತ್ತಿ, ಇತಿಹಾಸಲೇಖನ ಈ ಮೂರೂ ಒಬ್ಬರಲ್ಲಿ ಕೂಡಿಬರುವುದು ನಮ್ಮ ಕಡೆಗೆ ಅಪರೂಪ. ನಮ್ಮ ಸಂನ್ಯಾಸಿಯು ಪರಿವ್ರಾಜಕ. ಒಂದೂರಿನಲ್ಲಿ ಬೇರುಬಿಡಬಾರದೆಂಬುದು ಅವನ ಧರ್ಮ. ಬೆನೆಡಿಕ್ಟನ ಸಂನ್ಯಾಸಿಯಾದರೋ ಸೇರಿದ ಮಠವನ್ನು ಕಡೆಯವರೆಗೂ ಬಿಡುವುದಿಲ್ಲವೆಂದು ಪ್ರತಿಜ್ಞೆ ಮಾಡುತ್ತಾನೆ. ಬೇರುಬಿಡದವನು ಶಾಲೆಯನ್ನು ಹೇಗೆ ನಡೆಸಬೇಕು? ಆದರೂ ಉಮರಗಾ, ನಿಲಂಗಾ, ಉದಗೀರ ತಾಲೂಕುಗಳ ನಮ್ಮ ಈ ಗಡಿಸೀಮೆಯ ಮಗ್ಗುಲಲ್ಲಿಯೇ ಅಂಥವರೊಬ್ಬರು ಮಾಸ್ತರಿಕೆ ಮಾಡಿ ಹೋಗಿದ್ದಾರೆ. ಅವರು ಸ್ವಾಮಿ ರಾಮಾನಂದ ತೀರ್ಥರು. ಹೈದರಾಬಾದು ಸಂಸ್ಥಾನದ ವಿಮೋಚನೆಯ ನಾಯಕರೆಂದು ಅವರನ್ನು ಎಲ್ಲರೂ ಬಲ್ಲರು. ಶಿಕ್ಷಕರೆಂದು ಬಲ್ಲವರು ಕಡಿಮೆ, ಇತಿಹಾಸಲೇಖಕರೆಂದು ಬಲ್ಲವರು ಇನ್ನೂ ಕಡಿಮೆ. ಆದುದರಿಂದ ಪ್ರಸ್ತುತ ಲೇಖನದಲ್ಲಿ ನಾವು ಅವರ ರಾಜಕಾರಣವನ್ನು ಚಿಕ್ಕದಾಗಿ ಹೇಳಿ, ಉಳಿದೆರಡನ್ನು ಸ್ವಲ್ಪ ವಿಸ್ತರಿಸಿ ನೋಡುವೆವು.

ಸ್ವಾಮೀಜಿಯವರು ಹುಟ್ಟಿದ್ದು 1903ನೆಯ ಇಸವಿ ಅಕ್ಟೋಬರ 3ರಂದು, ಕನ್ನಡ ನಾಡಿನ ಸಿಂದಗಿಯಲ್ಲಿ, ಅಂದರೆ ಅಂದಿನ ವಿಜಾಪುರ, ಇಂದಿನ ವಿಜಯಪುರ ಜಿಲ್ಲೆಯಲ್ಲಿ. ಪೂರ್ವಾಶ್ರಮದ ಹೆಸರು ವ್ಯಂಕಟೇಶ ಭಗವಾನರಾವ ಖೇಡಗೀಕರ. ಮುಂದಿನ ವಿದ್ಯಾಭ್ಯಾಸ ಸೊಲ್ಲಾಪುರದಲ್ಲಿ. ಕನ್ನಡ, ಮರಾಠಿ, ತೆಲುಗು ಮೂರೂ ಬೀದಿಯಲ್ಲಿ ಕೇಳಿಬರುವ ಊರು ಅದು. 1920ರ ಅಗಸ್ಟ 1ರಂದು ಲೋಕಮಾನ್ಯ ತಿಲಕರು ತೀರಿಕೊಂಡಾಗ ಈ ಹುಡುಗನು ಅವಿವಾಹಿತನಾಗಿ ಉಳಿದು ದೇಶಸೇವೆ ಮಾಡುವ ಪ್ರತಿಜ್ಞೆ ಮಾಡಿದನು. ಅಸಹಕಾರದ ಗಾಳಿ ಬೀಸಿದಾಗ ಸರಕಾರಿ ಶಾಲೆಯನ್ನು ಬಿಟ್ಟು ರಾಷ್ಟ್ರೀಯ ಶಿಕ್ಷಣದ ದಾರಿ ಹಿಡಿದು, ತಿಲಕ ಮಹಾರಾಷ್ಟ್ರ ವಿದ್ಯಾಪೀಠದಲ್ಲಿ ಪ್ರಜಾಪ್ರಭುತ್ವದ ವಿಕಾಸವನ್ನು ಕುರಿತು ಪ್ರಬಂಧ ಬರೆದು ಎಂ.ಎ. ಪದವಿ ಪಡೆದನು. ಬಳಿಕ ಕಾರ್ಮಿಕ ಮುಂದಾಳು ಎನ್. ಎಂ. ಜೋಶಿಯವರ ಕಾರ್ಯದರ್ಶಿಯಾಗಿ ಕೆಲಸ. ಅಂಥ ಕೆಲಸದಲ್ಲಿದ್ದ ತರುಣನು ಮುಂಬಯಿ ದಿಲ್ಲಿಗಳಲ್ಲಿಯೇ ದೊಡ್ಡವನಾಗಬಹುದಾಗಿತ್ತು. ಆದರೆ 1929ರಲ್ಲಿ ಅವನು ನಿಜಾಮನ ಸೀಮೆಯ ಒಂದು ಹಳ್ಳಿಗೆ ಮಾಸ್ತರನಾಗಿ ಬಂದನು.

ಆ ಹಳ್ಳಿ ಹಿಪ್ಪರಗಾ. ಉಮರಗೆಗೆ ನೆರೆಯದಾದ, ಈಗ ಲೋಹಾರಾ ತಾಲೂಕಿಗೆ ಸೇರಿದ ಊರು. ಹಿಪ್ಪರಗಿ ಎಂಬ ಹೆಸರಿನ ಊರುಗಳು ವಿಜಾಪುರದ ಕಡೆಗೂ ಇವೆ. ಸ್ವಾಮೀಜಿಯವರು ಹುಟ್ಟಿದ ಸಿಂದಗಿಯ ಸೀಮೆಯಲ್ಲಿಯೇ ಮಡಿವಾಳ ಮಾಚಿದೇವರ ಜನ್ಮಸ್ಥಳವೆಂದು ಹೇಳಲಾಗುವ ದೇವರ ಹಿಪ್ಪರಗಿ ಇದೆ. ಒಂದು ಹಿಪ್ಪರಗಿಯ ನೆರೆಯಲ್ಲಿ ಹುಟ್ಟಿ ಇನ್ನೊಂದು ಹಿಪ್ಪರಗೆಯಲ್ಲಿ ಪಾಠ ಹೇಳಿದರು. ಊರ ಹೆಸರುಗಳನ್ನು ಸಂಗ್ರಹಿಸುವ ನಮ್ಮ ಮಿತ್ರರು ಇದನ್ನು ಬರೆದಿಟ್ಟುಕೊಳ್ಳಲಿ.

ಹಿಪ್ಪರಗೆಯ ರಾಷ್ಟ್ರೀಯ ಶಾಲೆ 1921ರಲ್ಲಿ ಆರಂಭವಾದುದು. ಬ್ರಿಟಿಷ್ ಸೀಮೆಯಲ್ಲಿ ಆ ವರ್ಷ ರಾಷ್ಟ್ರೀಯ ಶಾಲೆಗಳು ಹಲವೆಡೆ ಹುಟ್ಟಿದವು, ಅದರಲ್ಲಿ ಆಶ್ಚರ್ಯವಿಲ್ಲ. ನಿಜಾಮನ ಸೀಮೆಯಲ್ಲಿ ಹುಟ್ಟಿದ್ದೇ ಆಶ್ಚರ್ಯ. ಇದರ ಮಹತ್ವ ತಿಳಿಯಬೇಕಾದರೆ ಅಂದಿನ ಸಂಸ್ಥಾನದ ಶಿಕ್ಷಣಸ್ಥಿತಿಯನ್ನು ನೆನೆಯಬೇಕು. ಸಂಸ್ಥಾನದಲ್ಲಿ ಹದಿನಾರು ಜಿಲ್ಲೆಗಳು : ತೆಲುಗಿನವು ಎಂಟು, ಮರಾಠಿಯವು ಐದು, ಕನ್ನಡದವು ಬೀದರ, ಕಲಬುರ್ಗಿ, ರಾಯಚೂರು ಎಂದು ಮೂರು. ಬೀದರ ಜಿಲ್ಲೆಯಲ್ಲಂತೂ ಮೂರು ಭಾಷೆಗಳೂ ಕಲೆತಿದ್ದವು. ಆದರೆ ಕಚೇರಿಯ ಭಾಷೆ ಉರ್ದು. ಮೇಲಿನ ತರಗತಿಗಳ ಕಲಿಕೆಯ ಭಾಷೆಯೂ ಅದೇ. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಉಚ್ಚ ಶಿಕ್ಷಣವನ್ನು ಇಂಗ್ಲಿಷಿನಲ್ಲಲ್ಲದೆ ದೇಶಭಾಷೆಯೊಂದರಲ್ಲಿ ಕೊಡಲು ಹೊರಟಿತು. ಪ್ರಯೋಗವೆಂಬ ದೃಷ್ಟಿಯಿಂದ ಅದು ದೊಡ್ಡದೇ, ಅದನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಆದರೆ ಆ ದೇಶಭಾಷೆ ಹೆಚ್ಚಿನ ಪ್ರಜೆಗಳ ಮನೆಯ ಭಾಷೆಯಾಗಿರಲಿಲ್ಲ. ಇನ್ನು ಜನರೇ ಮುಂದೆ ಬಂದು ಖಾಸಗಿ ಶಾಲೆಯನ್ನು ತೆರೆಯಬೇಕೆಂದರೆ ಸರಕಾರದ ಪರವಾನಗಿ ಬೇಕು. ಸಭೆ ಸೇರಿಸಬೇಕೆಂದರೆ ‘ಗಸ್ತಿ ನಿಶಾನ 53’ ಎಂಬ ಸುತ್ತೋಲೆಯ ಅಡ್ಡಿ. ಇಂಥಲ್ಲಿ ನಾಲ್ಕು ಹುಡುಗರನ್ನು ಕೂಡಿಸಿ ತಾಯ್ನುಡಿಯಲ್ಲಿ ಚರಿತ್ರೆ ಹೇಳುವುದೂ ರಾಜಕಾರಣವೇ ಆಗುತ್ತಿತ್ತು.

ಕನ್ನಡದ ಕಡೆಗೂ ಇದೇ ಕಥೆ. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಹಲಗೆ ತೂಗಹಾಕಿ ಒಳಗೆ ಕನ್ನಡ ಕಲಿಸಿದರೆಂಬುದು ಬೀದರ ಸೀಮೆಯಲ್ಲಿ ಮನೆಮಾತು. 1999ರವರೆಗೆ ಬಾಳಿದ ಆ ಶತಾಯುಷಿಯೂ ಮಠಸ್ಥರೇ. ಉದಗೀರದಿಂದ ಭಾಲ್ಕಿ ದೂರವಲ್ಲ. ಹೀಗೆ ಒಂದೇ ಕಾಲದಲ್ಲಿ, ಒಂದೇ ಸೀಮೆಯಲ್ಲಿ, ಒಂದು ಕಡೆ ಕಾವಿಯುಟ್ಟ ಮಠಾಧಿಪತಿ ಕನ್ನಡದ ಶಾಲೆಯನ್ನೂ ಇನ್ನೊಂದು ಕಡೆ ಸಂನ್ಯಾಸದ ಹೊಸ್ತಿಲಲ್ಲಿದ್ದ ತರುಣನು ಮರಾಠಿಯ ಶಾಲೆಯನ್ನೂ ಕಟ್ಟುತ್ತಿದ್ದರು. ಇವರಿಬ್ಬರ ಕೆಲಸವನ್ನು ಒಂದೇ ಹಾಳೆಯಲ್ಲಿ ಇಟ್ಟು ನೋಡಿದ ಬರಹ ವಿರಳ. ಮರಾಠಿಯಲ್ಲಿ ಬರೆಯುವವರು ಒಬ್ಬರನ್ನು, ಕನ್ನಡದಲ್ಲಿ ಬರೆಯುವವರು ಇನ್ನೊಬ್ಬರನ್ನು ಆರಿಸಿಕೊಂಡು ಬಿಟ್ಟಿದ್ದಾರೆ. ಎರಡನ್ನೂ ಓದಬಲ್ಲ ಗಡಿಯ ಶಿಕ್ಷಕರು ಮಾಡದಿದ್ದರೆ ಈ ಕೆಲಸವನ್ನು ಮತ್ತಾರು ಮಾಡುವರು?

ಹಿಪ್ಪರಗೆಯ ದಿನಗಳಲ್ಲಿಯೇ, 1932ರಲ್ಲಿ, ಖೇಡಗೀಕರ ಮಾಸ್ತರರು ಸಂನ್ಯಾಸ ಸ್ವೀಕರಿಸಿದರು. ಸ್ವಾಮಿ ರಾಮತೀರ್ಥರ ಪರಂಪರೆಗೆ ಸೇರಿದ ದೀಕ್ಷೆಯದು. ರಾಮಾನಂದ ತೀರ್ಥರೆಂಬ ಹೆಸರಿನಲ್ಲಿಯೂ ಆ ಪರಂಪರೆಯ ಗುರುತಿದೆ. ಇಲ್ಲಿ ಗಮನಿಸಬೇಕಾದ ವಿಶೇಷವೆಂದರೆ, ಕಾವಿಯುಟ್ಟ ಮೇಲೆಯೂ ಅವರು ಶಾಲೆಯನ್ನು ಬಿಡಲಿಲ್ಲ. ಸಂಸಾರವನ್ನು ತೊರೆಯುವುದಕ್ಕೂ ಸಮಾಜವನ್ನು ತೊರೆಯುವುದಕ್ಕೂ ವ್ಯತ್ಯಾಸವುಂಟೆಂದು ವಿವೇಕಾನಂದರ ಕಾಲದಿಂದ ಕೇಳಿದ್ದೇವೆ. ಆದರೆ ಹಾಜರಿಪಟ್ಟಿ, ಬೇಳೆಬೆಲ್ಲದ ಲೆಕ್ಕ, ಹುಡುಗರ ಜ್ವರ ನೆಗಡಿ, ಪಾಲಕರ ತಕರಾರು ಇವುಗಳ ನಡುವೆ ಸಂನ್ಯಾಸವನ್ನು ಕಾಯ್ದುಕೊಳ್ಳುವುದು ಎಷ್ಟು ಕಷ್ಟವೆಂಬುದನ್ನು ಹಳ್ಳಿಯ ಮಾಸ್ತರರಿಗೆ ಹೇಳಬೇಕಾಗಿಲ್ಲ. ಬೆನೆಡಿಕ್ಟನ ಮಠದಲ್ಲಿ ಈ ಕೆಲಸಕ್ಕೆ ನಿಯಮದ ಆಧಾರವಿತ್ತು, ಅಡುಗೆಯಿಂದ ಹಿಡಿದು ಗ್ರಂಥಭಂಡಾರದವರೆಗೆ ಹಂಚಿಕೊಳ್ಳುವ ಸಹೋದರರಿದ್ದರು. ಸ್ವಾಮೀಜಿಯವರಿಗೆ ಅಂಥ ಮಠವಿರಲಿಲ್ಲ. ಬಾಬಾಸಾಹೇಬ ಪರಾಂಜಪೆಯವರಂಥ ಸಹೋದ್ಯೋಗಿಗಳಿದ್ದರು, ಶಾಲೆಯೇ ಮಠವಾಯಿತು.

1935ರಲ್ಲಿ ಅವರು ಹಿಪ್ಪರಗೆಯನ್ನು ಬಿಟ್ಟು ಅಂಬಾಜೋಗಾಯಿಗೆ ಹೋದರು. ನಿಜಾಮನ ದಫ್ತರದಲ್ಲಿ ಆ ಊರಿನ ಹೆಸರು ಮೋಮಿನಾಬಾದ. ಅಲ್ಲಿಯ ಯೋಗೇಶ್ವರಿ ನೂತನ ವಿದ್ಯಾಲಯವು ಅವರ ಹಾಗೂ ಅವರ ಸಂಗಡಿಗರ ಪರಿಶ್ರಮದ ಫಲ. 1929ರಿಂದ 1938ರವರೆಗೆ ಸುಮಾರು ಒಂಬತ್ತು ವರ್ಷ ಅವರು ಶಿಕ್ಷಕರಾಗಿದ್ದರು. ರಾಜಕೀಯ ಚರಿತ್ರೆಗಳಲ್ಲಿ ಈ ಒಂಬತ್ತು ವರ್ಷಗಳಿಗೆ ಒಂದೆರಡು ಪುಟ ಸಿಕ್ಕರೆ ಹೆಚ್ಚು. ನಮ್ಮ ಅಭಿಪ್ರಾಯದಲ್ಲಿ ಇದು ಅಳತೆ ತಪ್ಪಿದ ಲೆಕ್ಕ. ಸಂಸ್ಥಾನದಲ್ಲಿ ರಾಜಕೀಯ ಪಕ್ಷವೇ ಇಲ್ಲದಿದ್ದಾಗ ಮುಂದಿನ ಕಾರ್ಯಕರ್ತರು ತಯಾರಾದುದು ಹಿಪ್ಪರಗಾ, ಅಂಬಾಜೋಗಾಯಿಗಳಲ್ಲಿ, ಹಾಗೆಯೇ ಕನ್ನಡದ ಕಡೆಗೆ 1907ರಿಂದ ನಡೆದುಬಂದ ಕಲಬುರ್ಗಿಯ ನೂತನ ವಿದ್ಯಾಲಯದಲ್ಲಿ, ಪಂಡಿತ ತಾರಾನಾಥರ ರಾಯಚೂರಿನ ಹಮದರ್ದ ಶಾಲೆಯಲ್ಲಿ. ಶಾಲೆಗಳನ್ನು ತೆಗೆದರೆ ಹೋರಾಟಕ್ಕೆ ಆಳುಗಳೇ ಉಳಿಯುವುದಿಲ್ಲ.

ರಾಜಕಾರಣದ ಕಥೆ ಹೀಗಿದೆ. 1937ರಲ್ಲಿ ಮಹಾರಾಷ್ಟ್ರ ಪರಿಷತ್ತು ಪರತೂರಿನಲ್ಲಿ ಮೊದಲ ಅಧಿವೇಶನ ನಡೆಸಿತು. 1938ರಲ್ಲಿ ಹೈದರಾಬಾದು ಸ್ಟೇಟ್ ಕಾಂಗ್ರೆಸ್ಸು ಹುಟ್ಟುವ ಮೊದಲೇ ನಿಷೇಧಕ್ಕೆ ಗುರಿಯಾಯಿತು. ಅದೇ ಅಕ್ಟೋಬರದಲ್ಲಿ ಸತ್ಯಾಗ್ರಹ ಮಾಡಿ ಸ್ವಾಮೀಜಿಯವರು ಸೆರೆಮನೆ ಸೇರಿದರು. ಆ ವರ್ಷವೇ ವಂದೇ ಮಾತರಂ ಹಾಡಿದ ವಿದ್ಯಾರ್ಥಿಗಳನ್ನು ಉಸ್ಮಾನಿಯಾ ವಿಶ್ವವಿದ್ಯಾಲಯವು ಹೊರಗೆ ಹಾಕಿತು. ಹಾಗೆ ಹೊರಬಿದ್ದು ನಾಗಪುರದಲ್ಲಿ ಓದು ಮುಂದುವರಿಸಿ, ಸ್ವಾಮೀಜಿಯವರನ್ನು ಗುರುವೆಂದು ಭಾವಿಸಿದ ಪಿ. ವಿ. ನರಸಿಂಹರಾಯರು 1991ರಲ್ಲಿ ಭಾರತದ ಪ್ರಧಾನಮಂತ್ರಿಗಳಾದರು. 1940ರಲ್ಲಿ ವೈಯಕ್ತಿಕ ಸತ್ಯಾಗ್ರಹ, ಮತ್ತೆ ಸೆರೆ. 1946ರಲ್ಲಿ ನಿಷೇಧ ತೆರವಾಗಿ ಅವರು ಸ್ಟೇಟ್ ಕಾಂಗ್ರೆಸ್ಸಿನ ಅಧ್ಯಕ್ಷರಾದರು. 1947ರ ಅಗಸ್ಟ 15ರಂದು ದೇಶವೆಲ್ಲ ಧ್ವಜವೇರಿಸಿದಾಗ ಅವರಿಗೆ ಬಂಧನ. ನವೆಂಬರದ ಯಥಾಸ್ಥಿತಿ ಒಪ್ಪಂದದ ಬಳಿಕ ಬಿಡುಗಡೆ. 1948ರ ಜನವರಿಯಲ್ಲಿ ಪುನಃ ಬಂಧನ. ಸಪ್ಟೆಂಬರ 13ರಂದು ಭಾರತದ ಸೈನ್ಯ ಒಳಬಂದು 17ರಂದು ನಿಜಾಮನು ಶರಣಾದ ನಂತರವೇ ಅವರು ಹೊರಬಂದುದು.

1952ರಲ್ಲಿ ಅವರನ್ನು ಲೋಕಸಭೆಗೆ ಆರಿಸಿ ಕಳುಹಿಸಿದ್ದು ಕನ್ನಡದ ಕಲಬುರ್ಗಿ, 1957ರಲ್ಲಿ ಮರಾಠಿಯ ಔರಂಗಾಬಾದ. ಎರಡು ಭಾಷೆಯ ಸೀಮೆಗಳೂ ಒಬ್ಬರನ್ನೇ ತಮ್ಮವರೆಂದು ಕಳುಹಿಸಿದ ಇಂಥ ಉದಾಹರಣೆ ಎಷ್ಟಿವೆ? ಇನ್ನೂ ಸೋಜಿಗವೆಂದರೆ, ಈ ಎರಡು ಚುನಾವಣೆಗಳ ನಡುವೆ ಗಡಿರೇಖೆ ಬಿದ್ದಿತು, ಮತ್ತು ಅದು ಬೀಳಬೇಕೆಂದು ವಾದಿಸಿದವರಲ್ಲಿ ಸ್ವಾಮೀಜಿಯವರೇ ಮುಂದಾಳುಗಳು. ಹೈದರಾಬಾದನ್ನು ಭಾಷಾವಾರು ವಿಂಗಡಿಸಿ, ತೆಲುಗು ಭಾಗ ಆಂಧ್ರವನ್ನು, ಮರಾಠಿ ಭಾಗ ಮಹಾರಾಷ್ಟ್ರವನ್ನು, ಕನ್ನಡ ಭಾಗ ಕರ್ನಾಟಕವನ್ನು ಸೇರಬೇಕೆಂಬುದು ಅವರ ನಿಲುವಾಗಿತ್ತು. 1955ರಲ್ಲಿ ವರದಿ ಕೊಟ್ಟ ಫಜಲ ಅಲಿ ಆಯೋಗವು ಬೀದರ ಜಿಲ್ಲೆಯನ್ನು ತೆಲುಗು ಜಿಲ್ಲೆಗಳೊಡನೆ ಉಳಿದ ಹೈದರಾಬಾದಿನಲ್ಲಿಯೇ ಇಡಬಹುದೆಂದಿತ್ತು. ಕೊನೆಗೆ 1956ರ ನವೆಂಬರ 1ರಂದು ಆದುದು ಬೇರೆ. ಬೀದರ ಜಿಲ್ಲೆಯೇ ಒಡೆದು ಅಹಮದಪುರ, ನಿಲಂಗಾ, ಉದಗೀರ ತಾಲೂಕುಗಳು ಮುಂಬಯಿ ರಾಜ್ಯದ ಉಸ್ಮಾನಾಬಾದ ಜಿಲ್ಲೆಗೆ ಸೇರಿದವು. ಬೀದರ, ಭಾಲ್ಕಿ, ಹುಮನಾಬಾದಗಳು ಮೈಸೂರು ರಾಜ್ಯಕ್ಕೆ ಹೋದವು. ಒಂದು ಭಾಗ ಆಂಧ್ರದ ಪಾಲಾಯಿತು. ಉಮರಗೆಯು ಮೊದಲಿನಿಂದ ಉಸ್ಮಾನಾಬಾದಿನದೇ. 1982ರಲ್ಲಿ ಲಾತೂರ ಜಿಲ್ಲೆಯಾದಾಗ ನಿಲಂಗಾ, ಉದಗೀರಗಳು ಅದರೊಳಗೆ ಬಂದವು. 2023ರಲ್ಲಿ ಉಸ್ಮಾನಾಬಾದವು ಧಾರಾಶಿವವಾಯಿತು. ತಾತ್ತ್ವಿಕವಾಗಿ ಸ್ವಾಮೀಜಿಯವರ ವಾದ ಸರಿಯೆಂದೇ ನಾವು ತಿಳಿಯುತ್ತೇವೆ. ತಾಯ್ನುಡಿಯಲ್ಲಿ ಆಡಳಿತ ಬೇಕೆಂದವನು ಬೇರೆ ಏನು ಹೇಳಬೇಕು? ಆದರೆ ಎಲ್ಲಿ ಗೆರೆ ಎಳೆದರೂ ಗೆರೆಯ ಆಚೆ ಒಂದಿಷ್ಟು ಮನೆಗಳು ಉಳಿಯುತ್ತವೆ. ಆ ಮನೆಗಳ ಮಕ್ಕಳ ಶಾಲೆಯ ಪ್ರಶ್ನೆಯು ನಿಜಾಮನ ಕಾಲದ ಪ್ರಶ್ನೆಯ ತಮ್ಮನೇ ಆಗಿದೆ.

ಇನ್ನು ಅವರ ಇತಿಹಾಸಲೇಖನ. ‘ಹೈದರಾಬಾದು ಸ್ವಾತಂತ್ರ್ಯ ಹೋರಾಟದ ನೆನಪುಗಳು’ ಎಂಬರ್ಥದ ಹೆಸರಿನ ಅವರ ಇಂಗ್ಲಿಷ್ ಗ್ರಂಥವು 1967ರಲ್ಲಿ ಮುಂಬಯಿಯಲ್ಲಿ ಪ್ರಕಟವಾಯಿತು. ಮಹಾಜನ ಆಯೋಗವು ಗಡಿಯ ಬಗೆಗೆ ವರದಿ ಕೊಟ್ಟ ವರ್ಷವೂ ಅದೇ. ವೃತ್ತಿಯ ಇತಿಹಾಸಕಾರನ ಗ್ರಂಥವಲ್ಲ, ಪಾತ್ರಧಾರಿಯ ಬರಹ. ಅಷ್ಟರಿಂದ ಅದರ ಬೆಲೆ ಕಡಿಮೆಯಾಗುವುದಿಲ್ಲ, ಓದುವ ರೀತಿ ಮಾತ್ರ ಬೇರೆಯಾಗಬೇಕು. 1948ರ ಘಟನೆಗಳು ನಡೆದು ಸುಮಾರು ಹತ್ತೊಂಬತ್ತು ವರ್ಷಗಳ ಮೇಲೆ ಅಚ್ಚಾದ ನೆನಪುಗಳಿವು. ಕಾಂಗ್ರೆಸ್ಸಿನೊಳಗಿನ ಸೌಮ್ಯ ಗುಂಪಿಗೂ ಅವರ ಗುಂಪಿಗೂ ಇದ್ದ ಮನಸ್ತಾಪದಲ್ಲಿ ಅವರು ಒಂದು ಪಕ್ಷದವರು. ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯವಾದುದು. ರಝಾಕಾರರ ಹಾವಳಿ ಶಿಖರಕ್ಕೇರಿದ್ದು 1948ರ ಜನವರಿಯಿಂದ ಸಪ್ಟೆಂಬರದವರೆಗೆ. ಬಸವಕಲ್ಯಾಣ ಸೀಮೆಯ ಗೋರಟಾ ಗ್ರಾಮದ ಹತ್ಯಾಕಾಂಡ ಆ ಮೇ ತಿಂಗಳಿನದು. ಆ ತಿಂಗಳುಗಳೆಲ್ಲ ಸ್ವಾಮೀಜಿಯವರು ಸೆರೆಯಲ್ಲಿದ್ದರು. ಆದ್ದರಿಂದ ಹೋರಾಟದ ಮುಖ್ಯ ನಾಯಕರ ನೆನಪುಗಳೇ ಆದರೂ, ಆ ಎಂಟು ತಿಂಗಳ ಹಳ್ಳಿಗಳ ಸ್ಥಿತಿಗೆ ಅವರು ಕಣ್ಣಾರೆ ಕಂಡ ಸಾಕ್ಷಿಯಲ್ಲ.

ಹೀಗಾಗಿ ಇದರ ಜೊತೆಗೆ ಇನ್ನೆರಡು ಗ್ರಂಥಗಳನ್ನು ಇಟ್ಟುಕೊಳ್ಳಬೇಕು. ಭಾರತ ಸರಕಾರದ ಏಜಂಟ್ ಜನರಲ್ಲರಾಗಿ 1948ರಲ್ಲಿ ಹೈದರಾಬಾದಿನಲ್ಲಿದ್ದ ಕೆ. ಎಂ. ಮುನ್ಶಿಯವರು ‘ಒಂದು ಯುಗದ ಅಂತ್ಯ’ ಎಂಬರ್ಥದ ಗ್ರಂಥವನ್ನು 1957ರಲ್ಲಿ ಬರೆದರು. ನಿಜಾಮನ ಕೊನೆಯ ಪ್ರಧಾನಿ ಮೀರ್ ಲಾಯಕ ಅಲಿಯವರು ಪಾಕಿಸ್ತಾನದಿಂದ 1962ರಲ್ಲಿ ಪ್ರಕಟಿಸಿದ ಗ್ರಂಥವು ಅದೇ ಸಂಗತಿಗಳನ್ನು ‘ಹೈದರಾಬಾದಿನ ದುರಂತ’ವೆಂದು ಕರೆಯುತ್ತದೆ. ಒಬ್ಬರಿಗೆ ವಿಮೋಚನೆ, ಒಬ್ಬರಿಗೆ ಯುಗಾಂತ್ಯ, ಒಬ್ಬರಿಗೆ ದುರಂತ. ಮೂರರಲ್ಲಿಯೂ ಹೊಂದುವ ತಾರೀಖುಗಳನ್ನು ಮೊದಲು ಗಟ್ಟಿಮಾಡಿಕೊಂಡು, ಹೊಂದದಿರುವಲ್ಲಿ ಯಾರು ಅಲ್ಲಿದ್ದರು, ಯಾರು ಕೇಳಿ ಬರೆದರು ಎಂದು ವಿಚಾರಿಸುವುದು ಶೋಧಕನ ದಾರಿ. ಬೀಡನು ತನ್ನ ಮುನ್ನುಡಿಯಲ್ಲಿ ಓದುಗನ ಕೈಗೆ ಕೊಟ್ಟುದು ಈ ಪ್ರಶ್ನೆಗೆ ಬೇಕಾದ ಉತ್ತರವನ್ನೇ.

ನಾಲ್ಕನೆಯ ಒಂದು ಆಧಾರವನ್ನೂ ನಾವು ಬದಿಗಿಡುವಂತಿಲ್ಲ. ಅದನ್ನು ಹೇಳಲು ನಮ್ಮ ಸೀಮೆಯಲ್ಲಿ ಬಹಳ ಜನ ಅನುಮಾನಿಸುತ್ತಾರೆ. ಪೋಲೀಸ ಕಾರ್ಯಾಚರಣೆಯ ನಂತರ, 1948ರ ಕೊನೆಯಲ್ಲಿ, ಪ್ರಧಾನಿ ನೆಹರೂ ಅವರ ಇಚ್ಛೆಯಂತೆ ಪಂಡಿತ ಸುಂದರಲಾಲ, ಕಾಝಿ ಅಬ್ದುಲ ಗಫಾರ ಮೊದಲಾದವರು ಸಂಸ್ಥಾನದಲ್ಲಿ ಸಂಚರಿಸಿ ವರದಿ ಕೊಟ್ಟರು. ಬಹುಕಾಲ ಹೊರಬಾರದಿದ್ದ ಆ ವರದಿಯು 2013ರ ಸುಮಾರಿಗೆ ಶೋಧಕರಿಗೆ ದೊರೆಯಿತು. ಕಾರ್ಯಾಚರಣೆಯ ಕಾಲದಲ್ಲಿ ಹಾಗೂ ಅನಂತರ ಕಡಿಮೆಯೆಂದರೂ 27 ಸಾವಿರದಿಂದ 40 ಸಾವಿರ ಜನ ಸತ್ತರೆಂದೂ, ಅವರಲ್ಲಿ ಬಹುತೇಕರು ಮುಸಲ್ಮಾನರೆಂದೂ, ಅತಿ ಹೆಚ್ಚು ಅನಾಹುತವಾದುದು ಉಸ್ಮಾನಾಬಾದ, ಕಲಬುರ್ಗಿ, ಬೀದರ, ನಾಂದೇಡ ಜಿಲ್ಲೆಗಳಲ್ಲಿಯೆಂದೂ ಅದರ ಅಂದಾಜು. ಅಂದರೆ ಉಮರಗಾ, ನಿಲಂಗಾ, ಉದಗೀರಗಳು ಆ ಪಟ್ಟಿಯ ಜಿಲ್ಲೆಗಳಲ್ಲಿಯೇ ಇದ್ದವು. ಪ್ರಾಣದ ಹಂಗು ತೊರೆದು ನೆರೆಯ ಮುಸಲ್ಮಾನರನ್ನು ಕಾಯ್ದ ಹಿಂದೂಗಳ ಸಂಗತಿಯೂ ಆ ವರದಿಯಲ್ಲಿದೆ. ರಝಾಕಾರರ ಮುಖಂಡ ಕಾಸೀಂ ರಝ್ವಿ ಲಾತೂರಿನಲ್ಲಿ ವಕೀಲಿ ಮಾಡುತ್ತಿದ್ದವನೆಂಬುದನ್ನು ಹುಡುಗರಿಗೆ ಹೇಳುವ ನಾವು, ಆತನ ಪಾಪವನ್ನು ತೆತ್ತವರಲ್ಲಿ ಅವನನ್ನು ಕಂಡೇ ಇರದ ಒಕ್ಕಲಿಗರೂ ನೇಕಾರರೂ ಇದ್ದರೆಂಬುದನ್ನು ಹೇಳದಿದ್ದರೆ ಅದು ಅರ್ಧ ಪಾಠ.

1972ರ ಜನವರಿ 22ರಂದು ಸ್ವಾಮೀಜಿಯವರು ಹೈದರಾಬಾದಿನಲ್ಲಿ ದೇಹವಿಟ್ಟರು. 1994ರ ಸಪ್ಟೆಂಬರ 17ರಂದು ನಾಂದೇಡದಲ್ಲಿ ಅವರ ಹೆಸರಿನ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ನಿಲಂಗಾ, ಉದಗೀರಗಳ ಕಾಲೇಜುಗಳು ಅದಕ್ಕೆ ಸೇರಿವೆ. ಅವರು ಪಾಠ ಹೇಳಿದ ಹಿಪ್ಪರಗೆಯ ಸೀಮೆ ಮಾತ್ರ ಔರಂಗಾಬಾದಿನ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದೆ. ಕಚೇರಿಯ ಗೆರೆಗಳ ಚೇಷ್ಟೆ ಇದು.

ಕಡೆಯದಾಗಿ, ಈ ಕಾಲವನ್ನು ಕುರಿತು ಶೋಧಮಾಡಬಯಸುವ ಶಿಕ್ಷಕಬಂಧುಗಳಿಗೆ ಉಪಯೋಗಕ್ಕೆ ಬರುವ ಒಂದು ಮಾತು. ನಿಜಾಮನ ಕಾಲದ ಶಾಲೆಯ ದಾಖಲೆಪುಸ್ತಕಗಳು, ಪರವಾನಗಿ ಪತ್ರಗಳು, ಪಟೇಲ ಕುಲಕರ್ಣಿಗಳ ಮನೆಯ ಗಂಟುಗಳಲ್ಲಿರುವ ಕಾಗದಗಳು ಉರ್ದುವಿನಲ್ಲಿಯೋ ಮೋಡಿಯಲ್ಲಿಯೋ ಇರುತ್ತವೆ. ಅವುಗಳ ತಾರೀಖು ಬಹುಮಟ್ಟಿಗೆ ಫಸಲಿಯದು, ತಿಂಗಳ ಹೆಸರುಗಳು ಆಜೂರ, ದೈ, ಬಹಮನ್ ಎಂದು ಪಾರಸಿಯವು. ಕ್ರಿಸ್ತಶಕವನ್ನು ಇತಿಹಾಸಲೇಖನದಲ್ಲಿ ರೂಢಿಗೆ ತಂದವರಲ್ಲಿ ಬೀಡನೇ ಪ್ರಮುಖನು. ಆತನು ಕಾಲಗಣನೆಗೆಂದೇ ತನ್ನ ಶಿಷ್ಯರಿಗೆ ಪಠ್ಯ ಬರೆದುಕೊಟ್ಟಿದ್ದನು. ನಮಗೆ ಅಷ್ಟು ದೊಡ್ಡ ಗ್ರಂಥ ಬೇಡ, ಒಂದು ಸಣ್ಣ ಲೆಕ್ಕ ಸಾಕು. ಹೈದರಾಬಾದಿನ ಫಸಲಿ ವರ್ಷವು ಅಕ್ಟೋಬರ 6ರ ಸುಮಾರಿಗೆ ಆರಂಭವಾಗುತ್ತದೆ. ಅಲ್ಲಿಂದ ಡಿಸೆಂಬರದ ಕೊನೆಯವರೆಗಿನ ತಾರೀಖಾದರೆ ಫಸಲಿಗೆ 590 ಕೂಡಿಸಬೇಕು, ಜನವರಿಯಿಂದ ಮುಂದಿನದಾದರೆ 591. ಸ್ವಾಮೀಜಿಯವರು ಮೊದಲ ಸತ್ಯಾಗ್ರಹಕ್ಕೆ ಹೊರಟ 1938ರ ಅಕ್ಟೋಬರದ ಕಡೆಯ ದಿನಗಳು ಫಸಲಿ 1348ರ ಆರಂಭ. ನಿಜಾಮನು ಶರಣಾದ 1948ರ ಸಪ್ಟೆಂಬರ 17 ಫಸಲಿ 1357ರ ಕೊನೆಯ ಭಾಗ. ಈ ಎರಡು ಅಂಕಿಗಳ ನಡುವಿನ ಕಾಗದ ಯಾರ ಅಟ್ಟದ ಮೇಲಿದ್ದರೂ ಅದನ್ನು ಇಳಿಸಿ, ಸಿಕ್ಕಿದ ಮನೆ, ಊರು, ಕೊಟ್ಟವರ ಹೆಸರು ಇಷ್ಟನ್ನು ಮೇಲೆ ಬರೆದು, ಉರ್ದು ಬಲ್ಲ ಹಿರಿಯರು ಊರಲ್ಲಿ ಇರುವಾಗಲೇ ಓದಿಸಿ ನಕಲು ಮಾಡಿಡಬೇಕು.